ವಿಮಾನದೊಳಗೆ ಹೊಗೆ ಎದ್ದರೆ, ಮಾಸ್ಕ್ ಇಳಿದರೆ: ಸಿಬ್ಬಂದಿ ಏನು ಮಾಡುತ್ತಾರೆ, ನೀವು ಏನು ಮಾಡಬೇಕು

ರಾತ್ರಿ ಹಾರಾಟ. ಊಟದ ಟ್ರೇಗಳನ್ನೆಲ್ಲ ಎತ್ತಿ, ದೀಪ ಮಂದ ಮಾಡಿ, ಹಿಂದಿನ ಗ್ಯಾಲಿಯಲ್ಲಿ, ಅಂದರೆ ವಿಮಾನದ ಪುಟ್ಟ ಅಡುಗೆ ಜಾಗದಲ್ಲಿ ನಿಂತು ನೀರು ಕುಡಿಯುತ್ತಿದ್ದೆ. ಮಧ್ಯದ ಸಾಲಿನಿಂದ ಕಾಲ್ ಬೆಲ್ ಬಂತು. ವಯಸ್ಸಾದ ಒಬ್ಬರು. "ಏನೋ ಒಂಥರಾ ವಾಸನೆ ನೋಡಮ್ಮ, ನನಗೊಬ್ಬನಿಗೇ ಬರ್ತಿದೆಯಾ?" ಅಂದರು. ಬಗ್ಗಿದೆ. ನೇಲ್ ಪಾಲಿಶ್ ಅಳಿಸೋಕೆ ಬಳಸ್ತೀವಲ್ಲ, ಅಂಥ ಸಿಹಿ ಸಿಹಿಯಾದ, ಮೂಗಿಗೆ ಚುಚ್ಚುವ ವಾಸನೆ. ಪಕ್ಕದ ಸೀಟಿನ ಹುಡುಗ ಸೀಟನ್ನು ಹಿಂದೆ ಮುಂದೆ ಸರಿಸುತ್ತಿದ್ದ. ಅವನ ಫೋನ್ ಸಂದಿಗೆ ಜಾರಿತ್ತು. ಸೀಟು ಸರಿಸಿದರೆ ಕೈಗೆ ಸಿಗುತ್ತೆ ಅಂತ ಅವನ ಲೆಕ್ಕ. ಆದರೆ ಸೀಟಿನ ಕೆಳಗಿನ ಲೋಹದ ತೋಳಿಗೆ ಸಿಕ್ಕಿ ಫೋನ್ ಬಾಗುತ್ತಿತ್ತು. "ಕೈ ತೆಗಿ, ಎದ್ದೇಳು!" ಅಂದೆ. ಅಷ್ಟರಲ್ಲಿ ಸಂದಿಯಿಂದ ದಾರದಷ್ಟು ಸಣ್ಣಗೆ ಬಿಳಿ ಹೊಗೆ ಎದ್ದಿತು.

ಮುಂದಿನ ಐದು ನಿಮಿಷ ನಾವು ಮಾಡಿದ್ದೆಲ್ಲ ಎಷ್ಟೋ ಸಲ ಅಭ್ಯಾಸ ಮಾಡಿ ಕೈಗೆ ಹತ್ತಿದ್ದ ಕೆಲಸ. ಕಷ್ಟ ಆಗಿದ್ದು ನೋಡೋಕೆ ಅಂತ ಎದ್ದು ಬಂದ ಏಳೆಂಟು ಜನರಿಂದ. ಅವರು ನಡುದಾರಿಯಲ್ಲಿ ನಿಂತುಬಿಟ್ಟರು, ಹಿಂದಿನಿಂದ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿ ಬರುತ್ತಿದ್ದ ನನ್ನ ಜೊತೆಗಾರ್ತಿ ಅವರನ್ನು ತಳ್ಳಿಕೊಂಡೇ ಬರಬೇಕಾಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಹೊತ್ತಿನಲ್ಲಿ ತಮ್ಮ ಪಾಲಿನ ಕೆಲಸ ಏನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅದನ್ನು ಹೇಳೋಕೇ ಇದನ್ನು ಬರೆಯುತ್ತಿದ್ದೇನೆ. 11 ವರ್ಷ ಕ್ಯಾಬಿನ್ ಸಿಬ್ಬಂದಿಯಾಗಿದ್ದೆ, ಆಮೇಲೆ ಹೊಸಬರಿಗೆ ಪಾಠ ಮಾಡಿದೆ. ತುರ್ತು ಸಮಯದಲ್ಲಿ ನಮ್ಮ ಕೆಲಸಕ್ಕೆ ಒಂದು ಕ್ರಮ ಇರುತ್ತದೆ. ಆ ಕ್ರಮ ನಿಮಗೂ ಗೊತ್ತಿದ್ದರೆ ನಾವು ಯಾಕೆ ಕಿರುಚುತ್ತೇವೆ, ಯಾಕೆ ನಿಮ್ಮ ಬಳಿ ಬರದೆ ಕೂತುಬಿಡುತ್ತೇವೆ ಅನ್ನೋದು ಅರ್ಥವಾಗುತ್ತದೆ. ಆಗ ನಿಮ್ಮ ಕೈಯೂ ನಮ್ಮ ಕೈಗೆ ಸೇರುತ್ತದೆ.

ಟೇಕಾಫ್‌ಗೆ ಮುಂಚಿನ ಅರ್ಧ ನಿಮಿಷ

ರನ್‌ವೇ ಮೇಲೆ ವಿಮಾನ ಓಡೋಕೆ ಶುರುವಾಗುವಾಗ ಬಾಗಿಲ ಹತ್ತಿರ ನಿಮ್ಮ ಕಡೆ ಮುಖ ಮಾಡಿ ಕೂತ ಸಿಬ್ಬಂದಿಯನ್ನು ಒಮ್ಮೆ ನೋಡಿ. ಬೆನ್ನು ನೆಟ್ಟಗೆ, ಕೈಗಳು ತೊಡೆಯ ಕೆಳಗೆ, ಮಾತಿಲ್ಲ. ಸುಮ್ನೆ ಕೂತಿದ್ದಾರೆ ಅನ್ನಿಸುತ್ತೆ ಅಲ್ವಾ? ಆ ಹೊತ್ತಿನಲ್ಲಿ ಅವರು ಮನಸ್ಸಿನಲ್ಲೇ ಪಾಠ ಒಪ್ಪಿಸುತ್ತಿರುತ್ತಾರೆ. ಈಗ ಏನಾದರೂ ಆದರೆ ಮೊದಲು ಯಾವ ಮಾತು ಕೂಗಬೇಕು, ನನ್ನ ಬಾಗಿಲಿನ ಹಿಡಿ ಯಾವ ಕಡೆ ತಿರುಗುತ್ತದೆ, ಹೊರಗೆ ಬೆಂಕಿ ಇದ್ದರೆ ಜನರನ್ನು ಯಾವ ಬಾಗಿಲಿಗೆ ತಿರುಗಿಸಬೇಕು, ಹತ್ತಿರದ ಸಾಲುಗಳಲ್ಲಿ ನಡೆಯಲಾಗದವರು ಯಾರು, ಸಹಾಯಕ್ಕೆ ಕರೆಯಬಹುದಾದ ಗಟ್ಟಿ ಆಳು ಯಾರು. ಪ್ರತಿ ಟೇಕಾಫ್, ಪ್ರತಿ ಲ್ಯಾಂಡಿಂಗ್, ಒಂದನ್ನೂ ಬಿಡದೆ.

ನೀವೂ ಅದೇ ಅರ್ಧ ನಿಮಿಷ ಬಳಸಿಕೊಳ್ಳಿ. ನಿಮ್ಮ ಸೀಟಿನಿಂದ ಮುಂದಿನ ತುರ್ತು ಬಾಗಿಲಿಗೆ ಎಷ್ಟು ಸಾಲು, ಹಿಂದಿನ ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸಿ, ಎರಡೂ ಸಂಖ್ಯೆ ನೆನಪಿಟ್ಟುಕೊಳ್ಳಿ. ಎಣಿಸೋದು ಯಾಕೆ ಅಂದರೆ ಹೊಗೆ ತುಂಬಿದಾಗ ಕಣ್ಣು ಕೆಲಸಕ್ಕೆ ಬರಲ್ಲ. ತರಬೇತಿಯಲ್ಲಿ ನಮ್ಮನ್ನು ಹೊಗೆ ತುಂಬಿದ ಕೋಣೆಗೆ ಬಿಡುತ್ತಾರೆ. ಮೊದಲ ಸಲ ಹೋದಾಗ ನನ್ನ ಕೈಯನ್ನೇ ಮುಖದ ಮುಂದೆ ತಂದರೂ ಕಾಣಲಿಲ್ಲ. ಮೊಣಕಾಲೂರಿ, ಸೀಟಿನ ಕಾಲುಗಳನ್ನು ಮುಟ್ಟಿ ಮುಟ್ಟಿ, "ನಾಲ್ಕು, ಐದು, ಆರು" ಅಂತ ಬಾಯಲ್ಲೇ ಎಣಿಸುತ್ತಾ ಬಾಗಿಲು ಹುಡುಕಿದೆ. ಎಣಿಕೆ ತಪ್ಪಿದ ನನ್ನ ಪಕ್ಕದವಳು ಬಾಗಿಲು ದಾಟಿ ಮುಂದೆ ಹೋಗಿಬಿಟ್ಟಿದ್ದಳು.

ಬೆಲ್ಟ್ ಬಿಚ್ಚೋದನ್ನು ಎರಡು ಸಲ ಮಾಡಿ ನೋಡಿ. ಇದು ಬಾಲಿಶ ಅನ್ನಿಸಬಹುದು, ಆದರೆ ಗಾಬರಿಯಲ್ಲಿ ಕೈ ಹಳೇ ಅಭ್ಯಾಸಕ್ಕೆ ಹೋಗುತ್ತದೆ. ಕಾರಿನ ಬೆಲ್ಟ್‌ನಲ್ಲಿ ಗುಂಡಿ ಒತ್ತುತ್ತೇವೆ, ವಿಮಾನದಲ್ಲಿ ಪಟ್ಟಿ ಎತ್ತಬೇಕು. ಇಲ್ಲದ ಗುಂಡಿ ಹುಡುಕುತ್ತಾ ಕೂತವರನ್ನು ಕಂಡವರಿದ್ದಾರೆ. ಟೇಕಾಫ್ ಮತ್ತು ಲ್ಯಾಂಡಿಂಗ್ ಹೊತ್ತಿಗೆ ಚಪ್ಪಲಿ ಶೂ ಬಿಚ್ಚಬೇಡಿ. ಕಿಟಕಿ ಪರದೆ ಮೇಲೆ ಮಾಡಿ ಅಂತ ನಾವು ಕೇಳೋದು ಹೊರಗೆ ಬೆಂಕಿ ಇದೆಯಾ ಅಂತ ಕಾಣಲಿ ಅಂತ. ರಾತ್ರಿ ದೀಪ ಮಂದ ಮಾಡೋದು ನಿಮ್ಮ ಕಣ್ಣು ಕತ್ತಲಿಗೆ ಮೊದಲೇ ಹೊಂದಿಕೊಳ್ಳಲಿ ಅಂತ.

ಹೊಗೆ ಅಥವಾ ಬೆಂಕಿ

ಬೆಂಕಿಯ ವಿಷಯದಲ್ಲಿ ಸಿಬ್ಬಂದಿ ಮೂವರಾಗಿ ಹಂಚಿಕೊಳ್ಳುತ್ತಾರೆ. ಮೊದಲು ಕಂಡವರು ಅಲ್ಲೇ ನಿಂತು ಹತ್ತಿರದ ಸಿಲಿಂಡರ್ ತೆಗೆದು ಆರಿಸೋಕೆ ಶುರು ಮಾಡುತ್ತಾರೆ. ಎರಡನೆಯವರು ಇಂಟರ್‌ಕಾಮ್‌ನಲ್ಲಿ ಪೈಲಟ್‌ಗೆ ಹೇಳುತ್ತಾರೆ: ಯಾವ ಸಾಲು, ಹೊಗೆಯ ಬಣ್ಣ ಏನು, ವಾಸನೆ ಹೇಗಿದೆ, ಜಾಸ್ತಿ ಆಗ್ತಿದೆಯಾ ಕಡಿಮೆ ಆಗ್ತಿದೆಯಾ. ಅದರ ಮೇಲೆ ಪೈಲಟ್ ಎಲ್ಲಿ ಇಳಿಸಬೇಕು ಅಂತ ತೀರ್ಮಾನಿಸುತ್ತಾರೆ. ಮೂರನೆಯವರು ಇನ್ನಷ್ಟು ಸಿಲಿಂಡರ್, ತಲೆಗೆ ಹಾಕುವ ಹೊಗೆ ಮುಸುಕು, ನೀರು ತಂದುಕೊಡುತ್ತಾರೆ, ಹತ್ತಿರದ ಸೀಟಿನವರನ್ನು ಬೇರೆ ಕಡೆ ಕಳಿಸುತ್ತಾರೆ. ಆ ಮುಸುಕು ಸುಮಾರು 15 ನಿಮಿಷ ಉಸಿರಾಟಕ್ಕೆ ಆಸರೆ. ಮುಖ ಕಾಣದ ವಿಚಿತ್ರ ಚೀಲ ತೊಟ್ಟು ಓಡುವವರನ್ನು ಕಂಡು ಮಕ್ಕಳು ಅಳಬಹುದು, ಅದು ನಮ್ಮವರೇ ಅಂತ ಮಗುವಿಗೆ ಹೇಳಿ.

ಟಾಯ್ಲೆಟ್ ಒಳಗಿಂದ ಹೊಗೆ ಬಂದರೆ ನಾವು ಬಾಗಿಲನ್ನು ದಢಾರನೆ ತೆರೆಯಲ್ಲ. ಅಂಗೈಯ ಹಿಂಬದಿಯಿಂದ ಕೆಳಗಿಂದ ಮೇಲಕ್ಕೆ ಮುಟ್ಟಿ ಬಿಸಿ ನೋಡುತ್ತೇವೆ. ಬಿಸಿ ಇದ್ದರೆ ಸಿಲಿಂಡರ್ ಮೂತಿ ಹೋಗುವಷ್ಟೇ ಸಂದಿ ಮಾಡಿ ಒಳಗೆ ಸಿಂಪಡಿಸಿ ಮತ್ತೆ ಮುಚ್ಚುತ್ತೇವೆ. ಪೂರ್ತಿ ತೆರೆದರೆ ಗಾಳಿ ಸಿಕ್ಕಿ ಬೆಂಕಿ ಭಗ್ಗನೆ ಏಳುತ್ತದೆ.

ಈಗಿನ ಕಾಲದ ದೊಡ್ಡ ತಲೆನೋವು ಫೋನ್, ಲ್ಯಾಪ್‌ಟಾಪ್, ಪವರ್ ಬ್ಯಾಂಕ್‌ಗಳ ಲಿಥಿಯಂ ಬ್ಯಾಟರಿ. ಒಳಗಿನ ಒಂದು ಕೋಶ ಕಾದರೆ ಪಕ್ಕದ್ದನ್ನು ಕಾಯಿಸುತ್ತದೆ, ಅದು ಇನ್ನೊಂದನ್ನು. ಸಿಲಿಂಡರ್‌ನಲ್ಲಿರುವ ಹ್ಯಾಲಾನ್ ಅನ್ನೋ ಬೆಂಕಿ ಆರಿಸುವ ಅನಿಲ ಹೊಡೆದರೆ ಜ್ವಾಲೆ ಆರುತ್ತದೆ, ಆದರೆ ಬಿಸಿ ಇಳಿಯಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಮೊದಲು ಜ್ವಾಲೆ ಆರಿಸಿ, ತಕ್ಷಣ ನೀರು ಸುರಿಯುತ್ತೇವೆ, ನೀರಿಲ್ಲದಿದ್ದರೆ ಜ್ಯೂಸ್ ಆದರೂ ಸರಿ. ಮದ್ಯ ಮಾತ್ರ ಬೇಡ. ಐಸ್ ಇಡೋದು, ಬಟ್ಟೆ ಸುತ್ತೋದು ಎರಡೂ ತಪ್ಪು, ಬಿಸಿ ಒಳಗೇ ಉಳಿದುಬಿಡುತ್ತದೆ. ಆ ರಾತ್ರಿ ನಾವು ಮೂರು ಬಾಟಲಿ ನೀರು ಸೀಟಿನ ಸಂದಿಗೆ ಸುರಿದೆವು. ಮೊದಲ ಬಾಟಲಿಗೆ ಚುಂಯ್ ಅಂತ ಸದ್ದು ಬಂತು. ಮೂರನೆಯದಕ್ಕೆ ಸದ್ದು ನಿಂತಿತು.

ಈಗ ನಿಮ್ಮ ಪಾಲಿನ ಕೆಲಸ. ಸುಟ್ಟ ವಾಸನೆ, ಬಿಸಿಯಾದ ಗೋಡೆ, ಉಬ್ಬಿದ ಬ್ಯಾಟರಿ, ಯಾವುದೇ ಅನುಮಾನ ಬಂದರೂ ತಕ್ಷಣ ಕರೆಯಿರಿ. ಬೆಲ್ ಒತ್ತಿ ಕಾಯುತ್ತಾ ಕೂರಬೇಡಿ, ಬಾಯಿ ಬಿಟ್ಟು ಕೂಗಿ. ಸಂಕೋಚ ಬೇಡ. ಆ ಹಿರಿಯರು "ಯಾಕೆ ಸುಮ್ನೆ ತೊಂದರೆ ಕೊಡೋದು" ಅಂತ ಕೂತಿದ್ದರೆ ನಮ್ಮ ಕಥೆ ಬೇರೆಯೇ ಆಗುತ್ತಿತ್ತು. ಫೋನ್ ಸಂದಿಗೆ ಬಿದ್ದರೆ ಸೀಟು ಅಲುಗಿಸಬೇಡಿ, ನಮ್ಮನ್ನು ಕರೆಯಿರಿ. ಹೊಗೆ ಬರುತ್ತಿರುವ ವಸ್ತುವನ್ನು ನೀವು ಎತ್ತಬೇಡಿ. ಮೇಲಿನ ಲಗೇಜ್ ಗೂಡಿನಿಂದ ಹೊಗೆ ಬಂದರೆ ನಿಮ್ಮ ಬ್ಯಾಗ್ ತೆಗೆಯೋಕೆ ಅದನ್ನು ತೆರೆಯಬೇಡಿ. ಸಿಬ್ಬಂದಿ ಎಲ್ಲಿ ಕಳಿಸಿದರೋ ಅಲ್ಲಿ ಹೋಗಿ, ಮತ್ತೆ ವಾಪಸ್ ಬರಬೇಡಿ.

ಹೊರಡುವ ಮೊದಲೇ ಮಾಡಬಹುದಾದ್ದೂ ಇದೆ. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಚೆಕ್-ಇನ್ ಲಗೇಜ್‌ಗೆ ಹಾಕುವಂತಿಲ್ಲ, ಜೊತೆಗೇ ಇಟ್ಟುಕೊಳ್ಳಬೇಕು. ಸಾಮಾನ್ಯ ಮಿತಿ 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಇದೆ ಅನ್ನೋ ಅಳತೆ), 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಲೆಕ್ಕ ಸುಲಭ, ಎಂಎಎಚ್ ಅನ್ನು 1,000ದಿಂದ ಭಾಗಿಸಿ 3.7 ವೋಲ್ಟ್‌ನಿಂದ ಗುಣಿಸಿ: 20,000 ಎಂಎಎಚ್ ಅಂತ ಬರೆದ ಪವರ್ ಬ್ಯಾಂಕ್ ಅಂದರೆ ಸುಮಾರು 74 ವ್ಯಾಟ್-ಅವರ್. ಅದನ್ನು ಮೇಲಿನ ಗೂಡಿಗೆ ತುರುಕಬೇಡಿ, ಕಣ್ಣಿಗೆ ಕಾಣುವಲ್ಲಿ ಇಡಿ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೆ ವಿಮಾನ ನಿಲ್ದಾಣದಲ್ಲಿ, ಇನ್ನೂ ಹೊರಡದೆ ನಿಂತಿದ್ದ ಏರ್ ಬುಸಾನ್ ವಿಮಾನದ ಲಗೇಜ್ ಗೂಡಿನಲ್ಲೇ ಬೆಂಕಿ ಹುಟ್ಟಿತು, ತನಿಖೆ ಪವರ್ ಬ್ಯಾಂಕ್ ಕಡೆ ಬೊಟ್ಟು ಮಾಡಿತು. ಒಳಗಿದ್ದ 176 ಜನರೂ ಹೊರಬಂದರು, ವಿಮಾನದ ಚಾವಣಿ ಸುಟ್ಟುಹೋಯಿತು. ಆಮೇಲೆ ಆ ದೇಶ ಪವರ್ ಬ್ಯಾಂಕ್‌ಗಳನ್ನು ಮೇಲಿನ ಗೂಡಿನಲ್ಲಿ ಇಡೋದನ್ನೇ ನಿಷೇಧಿಸಿತು.

ಹೊಗೆ ಹರಡಿಬಿಟ್ಟರೆ ತಲೆ ತಗ್ಗಿಸಿ. ಉಸಿರಾಡಬಹುದಾದ ಗಾಳಿ ಕೆಳಗಿರುತ್ತದೆ. ಒದ್ದೆ ಬಟ್ಟೆ ಮೂಗು ಬಾಯಿಗೆ ಒತ್ತಿಕೊಳ್ಳಿ. 1983ರ ಜೂನ್ 2ರಂದು ಏರ್ ಕೆನಡಾ 797 ವಿಮಾನದ ಹಿಂದಿನ ಟಾಯ್ಲೆಟ್ ಕಡೆ ಬೆಂಕಿ ಬಿತ್ತು. ಸಿಬ್ಬಂದಿ ಎಲ್ಲರನ್ನೂ ಮುಂದೆ ಕೂರಿಸಿ, ಒದ್ದೆ ಟವೆಲ್ ಹಂಚಿದರು. ಅಮೆರಿಕದ ಸಿನ್ಸಿನಾಟಿಯಲ್ಲಿ ಇಳಿದು ಬಾಗಿಲು ತೆರೆದ ಒಂದೂವರೆ ನಿಮಿಷದೊಳಗೆ ಒಳಗೆಲ್ಲ ಬೆಂಕಿ ಭುಗಿಲೆದ್ದಿತು. 46 ಜನರಲ್ಲಿ 23 ಮಂದಿ ಉಳಿಯಲಿಲ್ಲ. ಇವತ್ತು ಟಾಯ್ಲೆಟ್‌ನಲ್ಲಿ ಹೊಗೆ ಸೂಚಕ ಇರೋದು, ನೆಲದ ಮೇಲೆ ದೀಪದ ಸಾಲು ಬಾಗಿಲ ದಾರಿ ತೋರಿಸೋದು ಆ ದುರಂತದ ಪಾಠದಿಂದ. ನಡುದಾರಿಯ ಆ ಪಟ್ಟಿಯನ್ನು ಕಂಡಾಗಲೆಲ್ಲ ನನಗೆ ಆ 23 ಜನ ನೆನಪಾಗುತ್ತಾರೆ.

ಆಕ್ಸಿಜನ್ ಮಾಸ್ಕ್ ಇಳಿದರೆ

ಇಲ್ಲಿ ಸಮಯ ತೀರಾ ಕಡಿಮೆ, ಆದ್ದರಿಂದ ನಿಧಾನವಾಗಿ ಓದಿ. 35,000 ಅಡಿಯಲ್ಲಿ ಒಳಗಿನ ಒತ್ತಡ ಇದ್ದಕ್ಕಿದ್ದಂತೆ ಹೋದರೆ ಬುದ್ಧಿ ಸರಿಯಾಗಿ ಕೆಲಸ ಮಾಡೋದು ಹೆಚ್ಚೆಂದರೆ 30ರಿಂದ 60 ಸೆಕೆಂಡ್. ಅದಾದ ಮೇಲೂ ಕಣ್ಣು ತೆರೆದಿರಬಹುದು, ಆದರೆ ಮಾಸ್ಕ್ ಹಾಕಿಕೊಳ್ಳಬೇಕು ಅನ್ನೋದೇ ತೋಚಲ್ಲ. ಕೆಲವರಿಗೆ ಹಿತವಾಗಿ ನಶೆ ಏರಿದಂತೆ ಆಗುತ್ತದೆ. ಮೋಸ ಇರೋದು ಅದರಲ್ಲೇ. ನೋವಿಲ್ಲ, ಉಸಿರು ಕಟ್ಟಿದಂತೆಯೂ ಅನ್ನಿಸಲ್ಲ.

ಒತ್ತಡ ಒಮ್ಮೆಲೇ ಹೋದರೆ ದೊಡ್ಡ ಸದ್ದು, ಒಳಗೆಲ್ಲ ಮಂಜು, ಚಳಿ, ಕಿವಿ ನೋವು, ಹಾರಾಡುವ ಕಾಗದ. ಮೆಲ್ಲಗೆ ಸೋರಿದರೆ ಇದ್ಯಾವುದೂ ಇರಲ್ಲ, ಮಾಸ್ಕ್ ಇಳಿದಾಗಲೇ ಗೊತ್ತಾಗೋದು. ಒಳಗಿನ ಗಾಳಿ ಸುಮಾರು 14,000 ಅಡಿ ಎತ್ತರದ ಗಾಳಿಯಷ್ಟು ತೆಳುವಾದಾಗ ಅವು ತಾವಾಗಿಯೇ ಇಳಿಯುತ್ತವೆ.

ಮಾಸ್ಕ್ ಕಂಡ ಕೂಡಲೇ ಹಿಡಿದು ಜೋರಾಗಿ ನಿಮ್ಮ ಕಡೆ ಎಳೆಯಿರಿ. ಹೆಚ್ಚಿನ ವಿಮಾನಗಳಲ್ಲಿ ಆಕ್ಸಿಜನ್ ಹರಿಯೋಕೆ ಶುರುವಾಗೋದು ಆ ಎಳೆತದಿಂದಲೇ. ಮೂಗು ಬಾಯಿ ಎರಡನ್ನೂ ಮುಚ್ಚುವಂತೆ ಇಟ್ಟು, ಪಟ್ಟಿ ತಲೆಯ ಹಿಂದೆ ಹಾಕಿ, ಮಾಮೂಲಿಯಾಗಿ ಉಸಿರಾಡಿ. 2018ರ ಏಪ್ರಿಲ್ 17ರಂದು ಅಮೆರಿಕದ ಸೌತ್‌ವೆಸ್ಟ್ 1380 ವಿಮಾನದ ಎಂಜಿನ್ ಒಡೆದು ಕಿಟಕಿ ಕಿತ್ತುಹೋದಾಗ ಒಳಗಿನ ಫೋಟೊ ಒಂದು ಎಲ್ಲೆಡೆ ಹರಿದಾಡಿತು. ಅದರಲ್ಲಿ ಎಷ್ಟೋ ಜನರ ಮಾಸ್ಕ್ ಬಾಯಿಯ ಮೇಲೆ, ಮೂಗು ಹೊರಗೆ. ಮಾಸ್ಕಿನ ಚೀಲ ಉಬ್ಬದಿದ್ದರೆ ಹೆದರಬೇಡಿ, ಆಕ್ಸಿಜನ್ ಬರುತ್ತಲೇ ಇರುತ್ತದೆ. ಸುಟ್ಟಂಥ ಸಣ್ಣ ವಾಸನೆ ಬರಬಹುದು. ಮೇಲಿನ ಪೆಟ್ಟಿಗೆಯಲ್ಲಿ ರಾಸಾಯನಿಕ ಕಾದು ಆಕ್ಸಿಜನ್ ಹುಟ್ಟುವ ವಾಸನೆ ಅದು.

ಮೊದಲು ನಿಮ್ಮದು, ಆಮೇಲೆ ಮಗುವಿನದು. ತಾಯಂದಿರಿಗೆ ಈ ಮಾತು ಒಪ್ಪೋದು ಕಷ್ಟ ಅಂತ ನನಗೆ ಗೊತ್ತು. ಆದರೆ ನೀವು ಎಚ್ಚರ ಇದ್ದರೆ ಮಗುವಿಗೆ ಹಾಕೋಕೆ ಐದು ಸೆಕೆಂಡ್ ಸಾಕು. ನೀವೇ ಎಚ್ಚರ ತಪ್ಪಿದರೆ ಮಗು ನಿಮಗೆ ಹಾಕಲಾರದು.

ಆಗ ಸಿಬ್ಬಂದಿ ಎಲ್ಲಿರುತ್ತಾರೆ? ಹತ್ತಿರ ಸಿಕ್ಕ ಮಾಸ್ಕ್ ಹಾಕಿಕೊಂಡು, ಖಾಲಿ ಸೀಟು ಸಿಕ್ಕರೆ ಕೂತು, ಇಲ್ಲದಿದ್ದರೆ ನೆಲದ ಮೇಲೆ ಸೀಟಿನ ಕಾಲು ಹಿಡಿದು ಕೂತಿರುತ್ತಾರೆ. ಯಾರ ಬಳಿಯೂ ಬರಲ್ಲ. ನಮ್ಮನ್ನು ಬಿಟ್ಟು ಕೂತರಲ್ಲ ಅಂತ ನಿಮಗೆ ಅನ್ನಿಸಬಹುದು. ನಾವು ಬಿದ್ದರೆ ಆಮೇಲೆ ನಿಮಗೆ ದಾರಿ ತೋರಿಸುವವರು ಇರಲ್ಲ, ಅದಕ್ಕೆ. ಅಷ್ಟರಲ್ಲಿ ಪೈಲಟ್ ವಿಮಾನವನ್ನು 10,000 ಅಡಿಯ ಕಡೆಗೆ ಬೇಗ ಇಳಿಸುತ್ತಾರೆ. ಮೂಗು ಕೆಳಗೆ ಮಾಡಿ ನುಗ್ಗಿದಂತೆ ಅನ್ನಿಸುತ್ತದೆ, ಬೀಳುತ್ತಿದ್ದೇವೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೀಳುತ್ತಿಲ್ಲ, ಬೇಕೆಂದೇ ಇಳಿಸುತ್ತಿದ್ದಾರೆ. ಮಾಸ್ಕ್‌ನ ಆಕ್ಸಿಜನ್ ಸಾಮಾನ್ಯವಾಗಿ 12ರಿಂದ 15 ನಿಮಿಷ ಬರುತ್ತದೆ, ಇಳಿಯೋಕೆ ಅದು ಸಾಕು. ಕೆಳಗೆ ಬಂದ ಮೇಲೆ ಸಿಬ್ಬಂದಿ ಕೈಯಲ್ಲಿ ಹಿಡಿಯುವ ಆಕ್ಸಿಜನ್ ಬಾಟಲಿ ಜೊತೆ ಒಬ್ಬೊಬ್ಬರ ಬಳಿ ಬಂದು ಉಗುರು ತುಟಿ ನೀಲಿಯಾಗಿದೆಯಾ ಅಂತ ನೋಡುತ್ತಾರೆ. ತೆಗೆಯಬಹುದು ಅಂತ ಹೇಳುವ ತನಕ ಮಾಸ್ಕ್ ತೆಗೆಯಬೇಡಿ.

ಬೆಲ್ಟ್ ಬಗ್ಗೆ ಒಂದು ಮಾತು. 1988ರ ಏಪ್ರಿಲ್ 28ರಂದು ಹವಾಯಿಯ ಅಲೋಹಾ ಏರ್‌ಲೈನ್ಸ್ 243 ವಿಮಾನದ ಚಾವಣಿ ಸುಮಾರು 18 ಅಡಿ ಉದ್ದಕ್ಕೆ 24,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಒಳಗಿದ್ದವರು 95 ಜನ. ಬೆಲ್ಟ್ ಹಾಕಿ ಕೂತಿದ್ದ ಪ್ರಯಾಣಿಕರೆಲ್ಲ ಬದುಕಿದರು. ಆ ಹೊತ್ತಿನಲ್ಲಿ ನಿಂತು ಕೆಲಸ ಮಾಡುತ್ತಿದ್ದ ಸಿಬ್ಬಂದಿಯೊಬ್ಬರನ್ನು ಗಾಳಿ ಹೊರಕ್ಕೆ ಎಳೆದುಕೊಂಡಿತು.

ಕುಲುಕಾಟ

ಗಾಯಗಳು ಜಾಸ್ತಿ ಆಗೋದು ಇಲ್ಲಿಂದಲೇ, ಮಾಡಬೇಕಾದ್ದು ಮಾತ್ರ ಒಂದೇ: ಕೂತಾಗಲೆಲ್ಲ ಬೆಲ್ಟ್ ಹಾಕಿರಿ, ಬೆಲ್ಟ್ ಸೂಚನೆಯ ಲೈಟ್ ಉರಿಯುತ್ತಿರಲಿ ಬಿಡಲಿ. 2024ರ ಮೇ 21ರಂದು ಸಿಂಗಪುರ ಏರ್‌ಲೈನ್ಸ್ 321 ಮ್ಯಾನ್ಮಾರ್ ಮೇಲೆ ಹಾರುವಾಗ 4.6 ಸೆಕೆಂಡ್‌ನಲ್ಲಿ 178 ಅಡಿ ಕುಸಿಯಿತು. ಬೆಲ್ಟ್ ಇಲ್ಲದವರು ಚಾವಣಿಗೆ ಹೋಗಿ ಬಡಿದರು. ಅಷ್ಟು ಹೊತ್ತಿನಲ್ಲಿ ಬೆಲ್ಟ್ ಹುಡುಕೋಕೆ ಆಗುತ್ತಾ? ಸಿಬ್ಬಂದಿ ಟ್ರಾಲಿ ಬಿಟ್ಟು ತಟ್ಟನೆ ಕೂತುಬಿಟ್ಟರೆ ಆಗ ನೀರು ಕೇಳಬೇಡಿ. ನೀವು ನಡುದಾರಿಯಲ್ಲಿದ್ದರೆ ನಿಮ್ಮ ಸೀಟಿನವರೆಗೆ ಓಡಬೇಡಿ. ಹತ್ತಿರದ ಖಾಲಿ ಸೀಟು, ಅದೂ ಇಲ್ಲದಿದ್ದರೆ ನೆಲ.

ಯಾರಿಗಾದರೂ ಆರೋಗ್ಯ ಕೆಟ್ಟರೆ

2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಸುಮಾರು 604 ಹಾರಾಟಕ್ಕೆ ಒಂದರಂತೆ ಇಂಥ ಪ್ರಸಂಗ ಕಂಡುಬಂತು, ಅದರಲ್ಲಿ ಜಾಸ್ತಿ ತಲೆಸುತ್ತು, ಮೂರ್ಛೆ. ಇಲ್ಲೂ ಕೆಲಸ ಹಂಚಿಕೆಯೇ. ಒಬ್ಬರು ರೋಗಿಯ ಬಳಿ, ಒಬ್ಬರು ಔಷಧದ ಪೆಟ್ಟಿಗೆ, ಆಕ್ಸಿಜನ್ ಮತ್ತು ಹೃದಯಕ್ಕೆ ಶಾಕ್ ಕೊಡುವ ಯಂತ್ರಕ್ಕೆ, ಇನ್ನೊಬ್ಬರು ಪೈಲಟ್ ಮೂಲಕ ನೆಲದ ಮೇಲಿನ ಡಾಕ್ಟರ ಜೊತೆ ಮಾತಿಗೆ. ಡಾಕ್ಟರ್ ಇದ್ದೀರಾ ಅಂತ ಕೇಳಿದಾಗ ನರ್ಸ್ ಆಗಿದ್ದರೂ ಕೈ ಎತ್ತಿ. ಜೊತೆಗಿರುವವರ ಕಾಯಿಲೆ, ಮಾತ್ರೆ, ಕೊನೆಯ ಸಲ ಊಟ ಮಾಡಿದ್ದು ಯಾವಾಗ ಅನ್ನೋದನ್ನು ಮುಚ್ಚಿಡದೆ ಹೇಳಿ. ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಉಳಿದವರು ದಾರಿ ಬಿಡಿ, ವಿಡಿಯೊ ಮಾಡಬೇಡಿ. ಅಲ್ಲಿ ಮಲಗಿರುವವರು ಯಾರದೋ ಅಪ್ಪ, ಯಾರದೋ ಅಕ್ಕ.

ತುರ್ತಾಗಿ ಇಳಿಯಬೇಕು ಅಂತ ಗೊತ್ತಾದರೆ

ಕೆಲವೊಮ್ಮೆ ಸಮಯ ಸಿಗುತ್ತದೆ. ಪೈಲಟ್ ಮುಖ್ಯ ಸಿಬ್ಬಂದಿಯನ್ನು ಕರೆದು ನಾಲ್ಕು ವಿಷಯ ಹೇಳುತ್ತಾರೆ: ಏನಾಗಿದೆ, ಏನು ಮಾಡಲಿದ್ದೇವೆ, ಎಷ್ಟು ನಿಮಿಷ ಇದೆ, ಬೇರೆ ಏನಾದರೂ ವಿಶೇಷ ಸೂಚನೆ ಇದೆಯಾ. ಕೇಳಿದವರು ಅದನ್ನು ಅಕ್ಷರಶಃ ತಿರುಗಿ ಹೇಳಿ, ಗಡಿಯಾರ ಹೊಂದಿಸಿಕೊಂಡು ಹೊರಬರುತ್ತಾರೆ. ಆಮೇಲೆ ಸಡಿಲ ಸಾಮಾನು ಕಟ್ಟಿಡುತ್ತಾರೆ, ಕೆಲವರ ಸೀಟು ಬದಲಿಸುತ್ತಾರೆ, ಬಾಗಿಲ ಹತ್ತಿರ ಸಹಾಯಕ್ಕೆ ಒಬ್ಬಿಬ್ಬರನ್ನು ಆರಿಸಿ ಕಿವಿಯಲ್ಲಿ ಕೆಲಸ ಹೇಳುತ್ತಾರೆ. ನಿಮ್ಮನ್ನು ಆರಿಸಿದರೆ ಕೇಳಿದ್ದನ್ನು ನೀವೂ ತಿರುಗಿ ಹೇಳಿ. ಕೈಲಾಗಲ್ಲ ಅನ್ನಿಸಿದರೆ ಆಗಲೇ ಹೇಳಿಬಿಡಿ, ಅದರಲ್ಲಿ ನಾಚಿಕೆಯಿಲ್ಲ.

ಹೈ ಹೀಲ್ಸ್ ತೆಗೆಯಿರಿ. ಕನ್ನಡಕ, ಜೇಬಿನ ಪೆನ್ನು ತೆಗೆಯಿರಿ. ಬೆಲ್ಟ್ ಹೊಟ್ಟೆಯ ಮೇಲೆ ಬೇಡ, ಸೊಂಟದ ಮೂಳೆಯ ಮೇಲೆ ಕೆಳಗೆ ಬಿಗಿಯಾಗಿ ಕಟ್ಟಿ. "ಬ್ರೇಸ್" ಅಂತ ಕೂಗಿದಾಗ ಮುಂದೆ ಬಾಗಿ, ತಲೆಯನ್ನು ಮುಂದಿನ ಸೀಟಿಗೆ ಆನಿಸಿ. ಎರಡು ಅಂಗೈಗಳನ್ನು ಒಂದರ ಮೇಲೊಂದು ತಲೆಯ ಮೇಲಿಡಿ, ಬೆರಳು ಹೆಣೆಯಬೇಡಿ. ಮುಂದೆ ಸೀಟು ದೂರ ಇದ್ದರೆ ತೊಡೆಯ ಮೇಲೆ ಬಾಗಿ ಕಾಲು ಹಿಡಿದುಕೊಳ್ಳಿ. ಪಾದ ನೆಲಕ್ಕೆ ಊರಿ, ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. 1989ರ ಜನವರಿ 8ರ ಬ್ರಿಟನ್ನಿನ ಕೆಗ್‌ವರ್ತ್ ವಿಮಾನ ದುರಂತದಲ್ಲಿ ಬದುಕಿದವರ ಗಾಯಗಳನ್ನು ವೈದ್ಯರು ಕೂತು ಅಧ್ಯಯನ ಮಾಡಿದ ಮೇಲೆ ಈ ಭಂಗಿ ತಿದ್ದಿಕೊಂಡು ಬಂತು. ಕಾಲು ಮುರಿದವರು ಬಾಗಿಲವರೆಗೆ ನಡೆಯಲಾರರು, ಅದಕ್ಕೇ ಪಾದದ ಬಗ್ಗೆ ಇಷ್ಟು ಹೇಳೋದು. ವಿಮಾನ ಪೂರ್ತಿ ನಿಲ್ಲುವ ತನಕ ಹಾಗೇ ಇರಿ, ಒಂದಕ್ಕಿಂತ ಹೆಚ್ಚು ಹೊಡೆತ ಬರಬಹುದು.

ನೀರಿಗೆ ಇಳಿಯೋದಾದರೆ ಲೈಫ್ ಜಾಕೆಟ್ ಹಾಕಿಕೊಳ್ಳಿ, ಆದರೆ ಒಳಗೆ ಉಬ್ಬಿಸಬೇಡಿ. 1996ರ ನವೆಂಬರ್ 23ರಂದು ಅಪಹರಣವಾಗಿದ್ದ ಇಥಿಯೋಪಿಯನ್ ಏರ್‌ಲೈನ್ಸ್ 961 ವಿಮಾನ ಕೊಮೊರೊಸ್ ದ್ವೀಪಗಳ ತೀರದ ಹತ್ತಿರ ಸಮುದ್ರಕ್ಕೆ ಬಿತ್ತು. ಹಲವರು ಒಳಗೇ ಜಾಕೆಟ್ ಉಬ್ಬಿಸಿಕೊಂಡಿದ್ದರು. ನೀರು ನುಗ್ಗಿದಾಗ ತೇಲಿ ಚಾವಣಿಗೆ ಅಂಟಿದರು, ಮುಳುಗಿ ಬಾಗಿಲ ಕಡೆ ಬರೋಕೆ ಆಗಲಿಲ್ಲ. ಬಾಗಿಲ ಹೊಸ್ತಿಲಲ್ಲಿ ನಿಂತಾಗ ದಾರ ಎಳೆಯಿರಿ.

ಹೊರಗೆ ಹಾರಬೇಕಾದಾಗ

ಅಷ್ಟು ಹೊತ್ತು ನಗುನಗುತ್ತಾ ಮಾತಾಡಿಸಿದವರು ಈಗ ಕಿರುಚುತ್ತಾರೆ. "ಬೆಲ್ಟ್ ಬಿಚ್ಚಿ! ಎಲ್ಲ ಬಿಡಿ! ಈ ಕಡೆ ಬನ್ನಿ! ಹಾರಿ!" ದಯವಿಟ್ಟು ಇದನ್ನು ಒರಟುತನ ಅಂದುಕೊಳ್ಳಬೇಡಿ. ಮೃದುವಾಗಿ ಕರೆದರೆ ಜನ ಬಾಗಿಲಲ್ಲಿ ತಡೆದು ನಿಲ್ಲುತ್ತಾರೆ. ಬ್ರಿಟನ್ನಿನ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗಗಳಲ್ಲಿ ಸಿಬ್ಬಂದಿ ಗಟ್ಟಿಯಾಗಿ ಆಜ್ಞೆ ಮಾಡಿದಾಗ ಜನ ಬೇಗ ಹೊರಬಂದರು. ಅಲ್ಲೇ ಇನ್ನೊಂದು ಪ್ರಯೋಗದಲ್ಲಿ ಮೊದಲು ಹೊರಬಂದ ಅರ್ಧ ಜನಕ್ಕೆ 5 ಪೌಂಡ್ ಅಂದಾಗ, ಆ ಚೂರು ದುಡ್ಡಿಗೇ ಜನ ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ದಾರಿ ಕಟ್ಟಿಕೊಂಡಿತು.

ವಿಮಾನವನ್ನು ಪರೀಕ್ಷಿಸುವಾಗ ಅರ್ಧ ಬಾಗಿಲುಗಳಿಂದಲೇ ಎಲ್ಲರೂ 90 ಸೆಕೆಂಡ್‌ನಲ್ಲಿ ಹೊರಬರಬೇಕು ಅನ್ನೋದು ನಿಯಮ. ಆ ಲೆಕ್ಕದಲ್ಲಿ ಬ್ಯಾಗ್‌ಗೆ ಜಾಗವಿಲ್ಲ. ಒಂದು ಬ್ಯಾಗ್ ಇಳಿಸೋಕೆ ನಿಮಗೆ ಐದಾರು ಸೆಕೆಂಡ್ ಅನ್ನಿಸಬಹುದು, ಹಿಂದೆ ನಿಂತ ನೂರು ಜನರೂ ಆ ಐದಾರು ಸೆಕೆಂಡ್ ಹೊಗೆಯಲ್ಲಿ ಕಾಯುತ್ತಾರೆ. ಕೆಳಗೆ ಜಾರಿ ಇಳಿಯೋಕೆ ಬಾಗಿಲಿಗೆ ಇರುವ ಜಾರುಬಂಡೆಯಂಥ ಗಾಳಿಚೀಲವನ್ನು ಬ್ಯಾಗಿನ ಮೂಲೆ ಹರಿದರೆ ಆ ಬಾಗಿಲೇ ಹೋಯಿತು. ಪಾಸ್‌ಪೋರ್ಟ್, ಮಾತ್ರೆ ಚೀಟಿ ಇಲ್ಲದೆ ಹೇಗೆ ಅಂತೀರಾ? ಟೇಕಾಫ್‌ಗೆ ಮುಂಚೆಯೇ ಅವನ್ನು ಮೈಮೇಲಿನ ಜೇಬಿಗೆ ಹಾಕಿಡಿ.

2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ 516 ಇಳಿಯುವಾಗ ರನ್‌ವೇಯಲ್ಲಿದ್ದ ಕರಾವಳಿ ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಬೆಂಕಿ ಹತ್ತಿತು. ಕರಾವಳಿ ಪಡೆಯ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ತೀರಿಕೊಂಡರು. ಜಪಾನ್ ಏರ್‌ಲೈನ್ಸ್‌ನ 379 ಜನರೂ ಬದುಕಿದರು. ಅಲ್ಲಿ ಧ್ವನಿವರ್ಧಕ ವ್ಯವಸ್ಥೆ ಕೆಟ್ಟಿತ್ತು, ಸಿಬ್ಬಂದಿ ಮೆಗಾಫೋನ್ ಹಿಡಿದು ಕೂಗಿದರು. ಎಂಟು ಬಾಗಿಲುಗಳಲ್ಲಿ ಬಳಸಲು ಆಗಿದ್ದು ಮೂರು ಮಾತ್ರ. ಹಿಂಬದಿಯಲ್ಲಿದ್ದ ಸಿಬ್ಬಂದಿಗೆ ಪೈಲಟ್ ಜೊತೆ ಸಂಪರ್ಕವೇ ಸಿಗಲಿಲ್ಲ, ಹೊರಗೆ ನೋಡಿ ತಾವೇ ತೀರ್ಮಾನಿಸಿ ಎಡಗಡೆಯ ಬಾಗಿಲು ತೆರೆದರು. ಇಷ್ಟೆಲ್ಲ ಆಗುವ ತನಕ ಪ್ರಯಾಣಿಕರು ಹೊಗೆಯಲ್ಲೇ ಕಾದರು, ಕರೆದಾಗ ಬ್ಯಾಗ್ ಬಿಟ್ಟು ಹೊರಟರು. ಈ ಕೆಲಸ ಮಾಡಿದ ಯಾರಿಗಾದರೂ ಆ ದಿನದ ದೃಶ್ಯ ನೋಡಿ ಗಂಟಲು ಕಟ್ಟಿರುತ್ತದೆ.

ಆ ಬಾಗಿಲಿನ ಮಾತು ನೀವು ಗಮನಿಸಬೇಕು. ಬಾಗಿಲು ತೆರೆಯುವ ಮೊದಲು ನಾವು ಕಿಟಕಿಯಿಂದ ಹೊರಗೆ ನೋಡುತ್ತೇವೆ: ಬೆಂಕಿ, ನೀರು, ಕಲ್ಲುಮಣ್ಣು, ಇನ್ನೂ ತಿರುಗುತ್ತಿರುವ ಎಂಜಿನ್. ಒಂದು ಬಾಗಿಲಲ್ಲಿ ಸಿಬ್ಬಂದಿ ಕೈ ಅಡ್ಡ ಹಿಡಿದು "ಆ ಕಡೆ ಹೋಗಿ" ಅಂದರೆ ವಾದ ಮಾಡಬೇಡಿ, ತಿರುಗಿ ನಡೆಯಿರಿ. ಅದಕ್ಕೇ ಎರಡು ಸಂಖ್ಯೆ ಎಣಿಸಿ ಅಂದಿದ್ದು. ರೆಕ್ಕೆಯ ಮೇಲಿನ ಬಾಗಿಲ ಪಕ್ಕ ಕೂತವರೂ ಹೊರಗೆ ನೋಡದೆ, ಆಜ್ಞೆ ಬರದೆ ತೆರೆಯಬಾರದು.

ಬಾಗಿಲಿಗೆ ಬಂದಾಗ ಕೂತು ಜಾರೋಕೆ ಹೋಗಬೇಡಿ, ನಡೆದು ಬಂದ ವೇಗದಲ್ಲೇ ಹಾರಿ. ಕೈ ಎದೆಯ ಮೇಲೆ ಕಟ್ಟಿ ಅಥವಾ ಮುಂದೆ ಚಾಚಿ, ಬದಿ ಹಿಡಿಯಬೇಡಿ, ಅಂಗೈ ಸುಡುತ್ತದೆ. ಚಿಕ್ಕ ಮಗುವನ್ನು ಎದೆಗೆ ಅವಚಿ ಹಾರಿ. ಬಾಗಿಲಲ್ಲಿ ಯಾರಾದರೂ ಹೆದರಿ ನಿಂತರೆ ಸಿಬ್ಬಂದಿ ಬೆನ್ನಿಗೆ ಕೈಹಾಕಿ ತಳ್ಳುತ್ತಾರೆ. ನಾನೂ ತರಬೇತಿಯಲ್ಲಿ ಮೊದಲ ಸಲ ಆ ಅಂಚಿನಲ್ಲಿ ನಿಂತುಬಿಟ್ಟಿದ್ದೆ, ಕೆಳಗೆ ನೋಡಿದರೆ ಎರಡು ಮಹಡಿ ಎತ್ತರ. ಹಿಂದಿನಿಂದ ಗುರುಗಳು ತಳ್ಳಿದರು.

ಕೆಳಗೆ ಇಳಿದ ಮೇಲೆ ಎದ್ದು ಪಕ್ಕಕ್ಕೆ ಸರಿಯಿರಿ, ನಿಮ್ಮ ಹಿಂದೆ ಬರುವವರು ನಿಮ್ಮ ಮೇಲೇ ಬೀಳುತ್ತಾರೆ. ಗಟ್ಟಿಯಾಗಿದ್ದರೆ ಅಲ್ಲೇ ಒಂದೆರಡು ನಿಮಿಷ ನಿಂತು ಬರುವವರ ಕೈ ಹಿಡಿದು ಎಬ್ಬಿಸಿ. ಆಮೇಲೆ ಗಾಳಿ ಬೀಸಿ ಬರುವ ದಿಕ್ಕಿಗೆ, ವಿಮಾನದಿಂದ ದೂರ ನಡೆಯಿರಿ, ಬೆಂಕಿಕಡ್ಡಿ ಲೈಟರ್ ಮುಟ್ಟಬೇಡಿ, ಅಗ್ನಿಶಾಮಕ ಗಾಡಿಗಳ ದಾರಿಗೆ ಅಡ್ಡ ಬರಬೇಡಿ. ಒಂದೇ ಕಡೆ ಗುಂಪಾಗಿ ನಿಲ್ಲಿ. ಸಿಬ್ಬಂದಿ ಎಣಿಕೆ ಶುರು ಮಾಡಿದಾಗ ನಿಮ್ಮ ಸೀಟು ನಂಬರ್ ಹೇಳಿ, ನಿಮ್ಮ ಪಕ್ಕ ಕೂತಿದ್ದವರನ್ನು ಹೊರಗೆ ನೋಡಿದಿರಾ ಇಲ್ಲವಾ ಅನ್ನೋದನ್ನೂ ಹೇಳಿ. ಒಳಗೆ ಇನ್ನೂ ಯಾರಾದರೂ ಇದ್ದಾರಾ ಅಂತ ಹುಡುಕೋಕೆ ಹೋಗುವವರಿಗೆ ಆ ಒಂದು ಮಾತು ಬೇಕು.